ಜಮೀನು ಯಾರ ಹೆಸರಿನಲ್ಲಿ?



ಗೋದಾಮಿನ ಜಾಗದ ಮಾತು ಬಂದಾಗಲೆಲ್ಲ "ನಮ್ಮಪ್ಪನೂ ದುಡ್ಡು ಹಾಕಿದ್ದ, ನಮ್ಮ ಪಾಲಿನ ಗುಂಟೆ ಬಿಡಿಸಿಕೊಡಿ" ಅನ್ನುವವರಿದ್ದಾರೆ. ಅದಕ್ಕೇ ಒಂದು ಹಳೆಯ ಇತಿಹಾಸ ಹೇಳುತ್ತೇವೆ.

1845ರಲ್ಲಿ ಇಂಗ್ಲೆಂಡಿನಲ್ಲಿ ಫಿಯರ್ಗಸ್ ಓಕಾನರ್ ಎಂಬ ಮುಂದಾಳು ಒಂದು ಭೂ ಯೋಜನೆ ಹೂಡಿದರು. ನೇಕಾರರು, ಗಿರಣಿ ಕೆಲಸಗಾರರು ಚಿಲ್ಲರೆ ಕಾಸು ಕಟ್ಟುವುದು, ಕೂಡಿದ ಹಣದಲ್ಲಿ ಜಮೀನು ಕೊಂಡು ಚೀಟಿ ಎತ್ತಿ ಹಂಚುವುದು. ಸುಮಾರು 70,000 ಜನ ಸೇರಿದರು. ಜಮೀನು ಸಿಕ್ಕಿದ್ದು ಸುಮಾರು 250 ಮಂದಿಗೆ. ಕಂಪನಿಯ ನೋಂದಣಿ ಪೂರ್ತಿಯಾಗಲೇ ಇಲ್ಲ. ಜಮೀನು ಓಕಾನರ್ ಹೆಸರಿನಲ್ಲೇ ಉಳಿಯಿತು. ಹಕ್ಕಿನ ತಕರಾರು, ಗೇಣಿಯ ತಕರಾರು ಎದ್ದವು. 1848ರಲ್ಲಿ ಪಾರ್ಲಿಮೆಂಟಿನ ಸಮಿತಿ ತನಿಖೆ ಮಾಡಿತು. ಅವರು ದುಡ್ಡು ತಿಂದಿರಲಿಲ್ಲ, ಕಂಪನಿಯೇ ಅವರಿಗೆ ಬಾಕಿ ಕೊಡಬೇಕಿತ್ತು. ಆದರೆ ಲೆಕ್ಕಪತ್ರ ಅಸ್ತವ್ಯಸ್ತ. 1851ರಲ್ಲಿ ಕಾಯಿದೆ ಮಾಡಿ ಕಂಪನಿಯನ್ನು ಮುಚ್ಚಿದರು.

ನಮ್ಮ ನಾಡಿನಲ್ಲಿ ಹಾಗಾಗಲಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘ 1904ರ ಕಾಯಿದೆಯಂತೆ ನೋಂದಣಿಯಾಯಿತು. ನೋಂದಣಿಯಾದ ಸಂಘ ತನ್ನ ಆಸ್ತಿಗೆ ತಾನೇ ಒಡೆಯ. ಅಧ್ಯಕ್ಷರೂ ಅಲ್ಲ, ನಿರ್ದೇಶಕರಾದ ನಾವೂ ಅಲ್ಲ. ಸದಸ್ಯನಿಗಿರುವುದು ಷೇರು, ಗುಂಟೆಯಲ್ಲ. ಅಪ್ಪನ ಷೇರಿನ ಹಕ್ಕು ವಾರಸುದಾರನಿಗೆ ಬರುತ್ತದೆ. ಜಾಗ ಎಲ್ಲರದಾಗಿಯೇ ಇರುತ್ತದೆ.

ಕ್ರಯಪತ್ರ, ಲೆಕ್ಕದ ಪುಸ್ತಕ ಕಚೇರಿಯಲ್ಲಿವೆ. ಅನುಮಾನವಿದ್ದವರು ಬಂದು ನೋಡಿ. ಕಟ್ಟೆ ಮೇಲೆ ಕೂತು ಜಗಳ ಬೇಡ.