ಏರು–ಇಳಿವಿನ ಮುಳ್ಳು

ಗಡಿಯಾರದ ಮುಖದ ಮೇಲಿನ ಮುಳ್ಳುಗಳು ಸಾಮಾನ್ಯವಾಗಿ ಹೊರಗಿನ ಕಾಲವನ್ನು ಕುರಿತು ಮಾತನಾಡುತ್ತವೆ. ಗಂಟೆ, ನಿಮಿಷ, ಸೆಕೆಂಡುಗಳನ್ನು ಹೇಳುವುದೇ ಅವುಗಳ ಧರ್ಮ. ಆದರೆ ಕೆಲವು ಯಾಂತ್ರಿಕ ಗಡಿಯಾರಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಸಣ್ಣ ಮುಳ್ಳು ಉಂಟು. ಅದು ಹೊತ್ತೆಷ್ಟೆಂದು ಹೇಳುವುದಿಲ್ಲ. ಒಳಗಿನ ಸ್ಪ್ರಿಂಗಿನಲ್ಲಿ ಇನ್ನೆಷ್ಟು ಕಸುವು ಉಳಿದಿದೆ, ಕೀ ಕೊಡದಿದ್ದರೆ ಗಡಿಯಾರ ಇನ್ನೆಷ್ಟು ಹೊತ್ತು ನಡೆದೀತು ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಇಂದು ಸಿರಿವಂತರ ಕೈಗಡಿಯಾರಗಳಿಗೆ ಭೂಷಣವೆನಿಸಿರುವ ಈ ಮುಳ್ಳು ಒಂದು ಕಾಲಕ್ಕೆ ಹಡಗುಗಳ ಕಾವಲುಗಾರನಾಗಿತ್ತು.

1707ರಲ್ಲಿ ಇಂಗ್ಲೆಂಡಿನ ನೈಋತ್ಯಕ್ಕಿರುವ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಮುಳುಗಿದವು. ಸಾವಿರಕ್ಕೂ ಮಿಕ್ಕಿ ನಾವಿಕರು ಜಲಸಮಾಧಿಯಾದರು. ತಾವಿರುವ ನೆಲೆ ಯಾವುದೆಂಬುದೇ ಅವರಿಗೆ ನಿಶ್ಚಯವಾಗಿ ತಿಳಿದಿರಲಿಲ್ಲ. ಭೂಮಿ ಗಂಟೆಗೆ 15 ಡಿಗ್ರಿಯಷ್ಟು ತಿರುಗುತ್ತದೆ. ಆದುದರಿಂದ ಸ್ಥಳದ ಹೊತ್ತಿಗೂ ಹೊರಟ ಬಂದರಿನ ಹೊತ್ತಿಗೂ ಇರುವ ಅಂತರ ತಿಳಿದರೆ ರೇಖಾಂಶ ತಿಳಿಯಿತು. ಸ್ಥಳದ ಹೊತ್ತನ್ನು ಸೂರ್ಯನೇ ಹೇಳುತ್ತಾನೆ. ಬಂದರಿನ ಹೊತ್ತನ್ನು ಕಾಪಾಡಿ ತರಬೇಕಾದುದು ಗಡಿಯಾರ. ಅದು ನಾಲ್ಕು ನಿಮಿಷ ತಪ್ಪಿದರೆ, ಭೂಮಧ್ಯರೇಖೆಯ ಬಳಿ ಹಡಗಿನ ನೆಲೆ ಸುಮಾರು 111 ಕಿಲೋಮೀಟರು ತಪ್ಪುತ್ತದೆ. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಸಮಸ್ಯೆಯ ಪರಿಹಾರಕ್ಕೆ 20,000 ಪೌಂಡುಗಳವರೆಗಿನ ಬಹುಮಾನವನ್ನು ಸಾರಿತು. ಬಡಗಿಯ ಕಸುಬಿನಿಂದ ಬಂದ ಜಾನ್ ಹ್ಯಾರಿಸನ್ನನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಪಯಣ ಹೊರಟು, ಅಲ್ಲಿಗೆ ಮುಟ್ಟುವಾಗ ಕೇವಲ ಐದು ಸೆಕೆಂಡುಗಳಷ್ಟು ಹಿಂದೆ ಬಿದ್ದಿತ್ತು.

ಗಡಿಯಾರವೇನೋ ಸಿದ್ಧವಾಯಿತು, ಅದಕ್ಕೆ ಕೀ ಕೊಡುವ ಮನುಷ್ಯ ಮರೆತರೆ? ನಿಂತ ಗಡಿಯಾರ ಕೀ ಕೊಟ್ಟೊಡನೆ ಮತ್ತೆ ಓಡಬಹುದು. ಆದರೆ ಅದು ಹೊತ್ತು ತಂದಿದ್ದ ಬಂದರಿನ ಹೊತ್ತು ಕೈತಪ್ಪಿ ಹೋಗಿರುತ್ತದೆ. ರೇಡಿಯೋ ಸಂಕೇತಗಳಿಲ್ಲದ ಆ ಕಾಲದಲ್ಲಿ ನಡುಗಡಲಿನಲ್ಲಿ ಅದನ್ನು ಮರಳಿ ಪಡೆಯುವುದು ಸುಲಭದ ಮಾತಲ್ಲ. ಡಾರ್ವಿನ್ನನಿದ್ದ ಬೀಗಲ್ ಹಡಗು 1831ರಲ್ಲಿ ಹೊರಟಾಗ ಅದರಲ್ಲಿ 22 ಕ್ರೊನೋಮೀಟರುಗಳಿದ್ದವು ಎಂಬುದೊಂದೇ ಈ ಆತಂಕದ ಆಳವನ್ನು ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಹಡಗಿನ ಕ್ರೊನೋಮೀಟರಿನ ಮುಖದ ಮೇಲೆ ಸೊನ್ನೆಯಿಂದ 56ರವರೆಗೆ ಗುರುತಿಸಿದ ಸಣ್ಣ ವೃತ್ತವೊಂದನ್ನು ಕಾಣುತ್ತೇವೆ. ಕೀ ಕೊಟ್ಟು ಎಷ್ಟು ಗಂಟೆಯಾಯಿತೆಂಬುದನ್ನು ಅದರ ಮುಳ್ಳು ತೋರಿಸುತ್ತದೆ. ಎರಡು ದಿನ ದಾಟಿ ನಡೆಯಬಲ್ಲ ಆ ಯಂತ್ರಕ್ಕೆ ದಿನಾಲೂ ಒಂದೇ ಹೊತ್ತಿಗೆ ಕೀ ಕೊಡುವುದು, ಕೊಟ್ಟಾಯಿತೆಂದು ಕಪ್ತಾನನಿಗೆ ವರದಿ ಒಪ್ಪಿಸುವುದು ಹಡಗಿನ ನೇಮವೇ ಆಯಿತು. ಮನುಷ್ಯನ ಮರೆವಿನ ಮೇಲೆ ಯಂತ್ರವಿಟ್ಟ ಕಣ್ಣು ಆ ಮುಳ್ಳು.

ಇದನ್ನು ಕೈಗಡಿಯಾರದ ಕಿರಿದಾದ ಒಡಲಿಗೆ ಇಳಿಸುವುದರಲ್ಲಿ ಒಂದು ತೊಡಕಿತ್ತು. ಕ್ರೊನೋಮೀಟರಿನಲ್ಲಿ ಸರಪಳಿ ಸುತ್ತಿಕೊಳ್ಳುವ ಶಂಕುವಿನಾಕಾರದ ರಾಟೆಯಿರುತ್ತದೆ. ಅದು ಕೀ ಕೊಡುವಾಗ ಒಂದು ದಿಕ್ಕಿಗೂ ನಡೆಯುವಾಗ ಇನ್ನೊಂದು ದಿಕ್ಕಿಗೂ ತಿರುಗುವುದರಿಂದ, ಮುಳ್ಳನ್ನು ಅದಕ್ಕೆ ಜೋಡಿಸಿದರೆ ಸಾಕು. ಕೈಗಡಿಯಾರದಲ್ಲಾದರೋ ಸ್ಪ್ರಿಂಗು ಒಂದು ಡಬ್ಬಿಯೊಳಗಿರುತ್ತದೆ. ಕೀ ಕೊಡುವಾಗ ಡಬ್ಬಿಯ ನಡುವಿನ ಅಚ್ಚು ತಿರುಗುತ್ತದೆ, ನಡೆಯುವಾಗ ಡಬ್ಬಿಯೇ ತಿರುಗುತ್ತದೆ. ಎರಡೂ ತಿರುಗುವುದು ಒಂದೇ ದಿಕ್ಕಿಗೆ. ಒಂದನ್ನು ಜಮೆಯೆಂದೂ ಮತ್ತೊಂದನ್ನು ಖರ್ಚೆಂದೂ ಎಣಿಸಿ ಶಿಲ್ಕನ್ನು ಮುಳ್ಳಿಗೆ ತಿಳಿಸುವ ಹಲ್ಲುಚಕ್ರಗಳ ಜೋಡಣೆಯೊಂದು ಬೇಕಾಯಿತು. ಸ್ವಿಟ್ಜರ್‌ಲೆಂಡಿನ ಜೇಗರ್-ಲೆಕುಲ್ತ್ರ್ ಸಂಸ್ಥೆ 1948ರಲ್ಲಿ ತನ್ನ ಸ್ವಯಂಚಾಲಿತ ಕೈಗಡಿಯಾರದಲ್ಲಿ ಈ ಸೂಚಕವನ್ನು ಅಳವಡಿಸಿತು.

ಈ ಸೂಚಕದ ಚರಿತ್ರೆಯಲ್ಲಿ ಜರ್ಮನಿಯ ಗ್ಲಾಸ್‌ಹ್ಯೂಟ ಎಂಬ ಸಣ್ಣ ಊರಿಗೂ ಒಂದು ಸ್ಥಾನವಿದೆ. 1845ರಲ್ಲಿ ಅಲ್ಲಿ ಕಾರ್ಯಾಗಾರ ತೆರೆದ ಲಾಂಗೆ ಮನೆತನ, 1879ರಲ್ಲಿ ಜೇಬುಗಡಿಯಾರದ ಸೂಚಕವೊಂದಕ್ಕೆ ಪೇಟೆಂಟು ಪಡೆದಿತ್ತು. 1945ರ ಮೇ ತಿಂಗಳಿನಲ್ಲಿ, ಯುದ್ಧದ ಕೊಟ್ಟಕೊನೆಯ ದಿನ, ಅವರ ಕಾರ್ಯಾಗಾರ ಬಾಂಬಿಗೆ ತುತ್ತಾಯಿತು. ಅಳಿದುಳಿದ ಆಸ್ತಿ 1948ರಲ್ಲಿ ಸರ್ಕಾರದ ವಶವಾಯಿತು. ಸಂಸ್ಥಾಪಕನ ಮರಿಮಗ ವಾಲ್ಟರ್ ಲಾಂಗೆ ಪಶ್ಚಿಮಕ್ಕೆ ಓಡಿಹೋದ. ಬರ್ಲಿನ್ ಗೋಡೆ ಉರುಳಿದ ಮರುವರ್ಷ, 1990ರ ಡಿಸೆಂಬರ್ 7ರಂದು, ಅರುವತ್ತಾರರ ವಯಸ್ಸಿನಲ್ಲಿ ಆತ ಸಂಸ್ಥೆಯನ್ನು ಪುನಃ ನೋಂದಾಯಿಸಿದ. ಮುತ್ತಜ್ಜ ಅದನ್ನು ಆರಂಭಿಸಿ ಅಂದಿಗೆ ಸರಿಯಾಗಿ 145 ವರ್ಷಗಳಾಗಿದ್ದವು. 1994ರಲ್ಲಿ ಹೊರಬಂದ ಅವರ ‘ಲಾಂಗೆ 1’ ಕೈಗಡಿಯಾರದ ಬಲಬದಿಯಲ್ಲಿ ‘ಆಉಫ್’, ‘ಆಬ್’ ಎಂಬ ಎರಡು ಪದಗಳಿವೆ. ಮೇಲೆ, ಕೆಳಗೆ ಎಂದರ್ಥ. ಮೂರು ದಿನಗಳ ಶಕ್ತಿ ಕರಗುತ್ತ ಹೋದಂತೆ ಮುಳ್ಳು ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ನಾಲ್ಕು ದಶಕ ನಿಂತುಹೋಗಿದ್ದ ಮನೆತನವೊಂದು ಮತ್ತೆ ಕೀ ಕೊಟ್ಟುಕೊಂಡ ಮೇಲೆ ತನ್ನ ಗಡಿಯಾರದ ಮುಖದಲ್ಲಿ ಬರೆದುಕೊಂಡ ಪದಗಳಿವು.

ಇಂದು ಹೊತ್ತು ತಿಳಿಯಲು ಇಂಥ ಗಡಿಯಾರದ ಅಗತ್ಯ ಯಾರಿಗೂ ಇಲ್ಲ. ಆದರೂ ನಮ್ಮ ಕೈಯಲ್ಲಿರುವ ಮೊಬೈಲು ಫೋನಿನ ಮೂಲೆಯಲ್ಲಿ ಬ್ಯಾಟರಿಯ ಗುರುತು ಕ್ಷಣಕ್ಷಣವೂ ಕೇಳಿಕೊಳ್ಳುತ್ತಿರುವುದು ಅದೇ ಹಳೆಯ ಪ್ರಶ್ನೆಯನ್ನು. ಕಾಲವೆಷ್ಟಾಯಿತೆಂದು ತಿಳಿದರೆ ಸಾಲದು, ಕಾಲವನ್ನು ಅಳೆಯುತ್ತಿರುವ ಯಂತ್ರದಲ್ಲಿ ಇನ್ನೆಷ್ಟು ತ್ರಾಣವುಳಿದಿದೆಯೆಂಬುದೂ ತಿಳಿದಿರಬೇಕು. ಕಡಲ ಮೇಲೆ ದಿಕ್ಕುಗೆಟ್ಟವರಿಂದ ಕಲಿತ ಪಾಠವಿದು.