ಹಲ್ಲು ಕೀಳೋದು ಸುಲಭ, ಉಳಿಸೋದು ಯಾರ ಕೆಲಸ?

"ಮುದ್ದೆ ನುಂಗೋಕೆ ಹಲ್ಲು ಯಾಕಪ್ಪಾ?" ಅಂತ ನಮ್ಮಜ್ಜಿ ನಗುತ್ತಿದ್ದರು. ಚನ್ನಪಟ್ಟಣದ ಕಡೆಯ ನಮ್ಮ ಮನೆಯಲ್ಲಿ ಹಲ್ಲುನೋವಿಗೆ ಇದ್ದದ್ದು ಒಂದೇ ಮದ್ದು: ಕೀಳಿಸೋದು. ಈಗ ಅದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: "ಕಿತ್ತು ಇಂಪ್ಲಾಂಟ್ ಹಾಕಿಸಿಬಿಡಿ."

ಇಂಪ್ಲಾಂಟ್ ಅಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಟೈಟೇನಿಯಂ ತಿರುಪು. ಅದರ ಮೇಲೆ ಕೃತಕ ಹಲ್ಲು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಇದನ್ನು ಮೊದಲ ರೋಗಿಗೆ ಅಳವಡಿಸಿದರು. ತಿರುಪು ಮೂಳೆಯೊಂದಿಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ವ್ಯತ್ಯಾಸ ನನಗೆ ಅರ್ಥವಾಗಿದ್ದು ಹೀಗೆ: ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪೊರೆ ಇದೆ, ಬೈಕಿನ ಶಾಕ್ ಅಬ್ಸಾರ್ಬರ್ ಥರ. ಅಗಿಯುವ ಒತ್ತಡವನ್ನು ಅದು ತಾಳಿಕೊಳ್ಳುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕರೆ ತಕ್ಷಣ ಸುದ್ದಿ ಮುಟ್ಟಿಸುತ್ತದೆ. ಇಂಪ್ಲಾಂಟ್‌ಗೆ ಈ ಪೊರೆ ಇಲ್ಲ. ಅದಕ್ಕೆ ಹುಳುಕು ಹಿಡಿಯಲ್ಲ, ನಿಜ. ಆದರೆ ಸುತ್ತಲಿನ ವಸಡು, ಮೂಳೆಗೆ ಸೋಂಕು ತಗುಲಬಹುದು. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಈ ಅಪಾಯ ಹೆಚ್ಚು.

ಹಾಗಾಗಿ ಲೆಕ್ಕ ಸರಳ. ಬೇರು ಗಟ್ಟಿಯಿದ್ದು ಒಳಗಿನ ನರ ಮಾತ್ರ ಕೆಟ್ಟಿದ್ದರೆ ರೂಟ್ ಕೆನಾಲ್ ಮಾಡಿಸಿ, ಕ್ಯಾಪ್ ಹಾಕಿಸಿ ಉಳಿಸಿಕೊಳ್ಳಬಹುದು. ಬೇರು ಉದ್ದಕ್ಕೆ ಸೀಳಿದ್ದರೆ, ಹಿಡಿದಿಡುವ ಮೂಳೆಯೇ ಸವೆದಿದ್ದರೆ ಕೀಳಲೇಬೇಕು. ಇಂಪ್ಲಾಂಟ್ ಮಾತು ಬರಬೇಕಾದ್ದು ಆಮೇಲೆ.

ಆದರೆ ಈ ಲೆಕ್ಕದಲ್ಲಿ ಕೂಲಿ ಸೇರಿಲ್ಲ. ರಾಮನಗರದ ರೇಷ್ಮೆ ರೀಲಿಂಗ್ ಘಟಕದಲ್ಲಿ ದುಡಿಯುವ ಹೆಂಗಸಿಗೆ, ಮಾಗಡಿ, ಕನಕಪುರದ ಕೃಷಿ ಕೂಲಿಕಾರನಿಗೆ ಕೀಳಿಸೋದು ಒಂದು ದಿನದ ಕೆಲಸ. ರೂಟ್ ಕೆನಾಲ್, ಕ್ಯಾಪ್ ಅಂದರೆ ಎರಡು ಮೂರು ಸಲ ಓಡಾಟ, ಅಷ್ಟೂ ದಿನದ ಕೂಲಿ ಖೋತಾ. ಇಂಪ್ಲಾಂಟ್‌ನ ಸಾವಿರಾರು ರೂಪಾಯಿಯಂತೂ ದೂರದ ಮಾತು.

ಸರ್ಕಾರ 2014ರಲ್ಲಿ ದಂತಭಾಗ್ಯ ತಂದು ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಿಸಲು ಹೊರಟಿತು. ಒಳ್ಳೆಯ ಕೆಲಸವೇ. ಆದರೆ ಅದು ಕೈಹಿಡಿಯುವುದು ಹಲ್ಲು ಹೋದ ಮೇಲೆ. ಹೋಗದಂತೆ ನೋಡಿಕೊಳ್ಳುವುದೂ ಭಾಗ್ಯವೇ ಅಲ್ಲವಾ?

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ಹಲ್ಲು ಕಿತ್ತರು, ಎಷ್ಟಕ್ಕೆ ರೂಟ್ ಕೆನಾಲ್ ಮಾಡಿದರು? 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಆ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟರೆ ಉಳಿದದ್ದನ್ನು ನಾನು ಹೇಳಬೇಕಿಲ್ಲ.