ಮೋಟುಪಲ್ಲಿಯ ಅಭಯಶಾಸನ ಮತ್ತು ಕಡಲ ರಕ್ಷಣೆಯ ಮಾತು

ಕಡಲಿನ ಭದ್ರತೆಯನ್ನು ಕುರಿತು ಮಾತನಾಡುವಾಗ ಪ್ರಭುತ್ವಗಳೆಲ್ಲವೂ ತಮ್ಮನ್ನು ರಕ್ಷಕರೆಂದೇ ಕರೆದುಕೊಳ್ಳುತ್ತವೆ. ಆದರೆ ಆ ರಕ್ಷಣೆ ಯಾರಿಂದ ಎಂಬ ಪ್ರಶ್ನೆಗೆ ದೊರೆಯುವ ಉತ್ತರ ಒಂದೇ ತೆರನಾದುದಲ್ಲ. ನಮ್ಮ ಎರಡು ಕರಾವಳಿಗಳ ಇತಿಹಾಸದಿಂದ ಎರಡು ನಿದರ್ಶನಗಳನ್ನು ಇಲ್ಲಿ ಹೋಲಿಸಬಹುದು.

ಮೊದಲನೆಯದು, ಆಂಧ್ರ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನು ಕ್ರಿ.ಶ. 1244ರ ಸುಮಾರಿಗೆ ಹಾಕಿಸಿದ ಅಭಯಶಾಸನ. ಬಿರುಗಾಳಿಗೆ ಸಿಕ್ಕಿ ಒಡೆದು ದಡಕ್ಕೆ ಬಿದ್ದ ಹಡಗುಗಳ ಚಿನ್ನ, ಆನೆ, ಕುದುರೆ, ರತ್ನಗಳನ್ನು ಹಿಂದಿನ ಅರಸರು ಬಲಾತ್ಕಾರದಿಂದ ಕಿತ್ತುಕೊಳ್ಳುತ್ತಿದ್ದರೆಂದು ಶಾಸನವು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಮುದ್ರಯಾನದ ಸಾಹಸಕ್ಕಿಳಿದ ವರ್ತಕರಿಂದ ಗೊತ್ತುಪಡಿಸಿದ ಸುಂಕವನ್ನುಳಿದು ಬೇರೇನನ್ನೂ ಪಡೆಯುವುದಿಲ್ಲವೆಂದು ದೊರೆ ಘೋಷಿಸುತ್ತಾನೆ. ಆ ಸುಂಕ 30ರಲ್ಲಿ 1 ಪಾಲು. ಕರುಣೆ, ಕೀರ್ತಿ, ಧರ್ಮಗಳನ್ನು ಶಾಸನವು ಕಾರಣವಾಗಿ ಹೇಳಿದೆ. ಬೊಕ್ಕಸದ ಹಿತವೂ ಅಲ್ಲಿ ಇಲ್ಲದಿಲ್ಲ: ಗಂಧ, ಕರ್ಪೂರ, ದಂತ, ರೇಷ್ಮೆ, ಮೆಣಸುಗಳ ಸುಂಕದ ವಿವರವೂ ಅದೇ ಕಲ್ಲಿನಲ್ಲಿದೆ. ಆದರೂ ವರ್ತಕನ ಭಯಕ್ಕೆ ಅರಸನೇ ಕಾರಣನಾಗಬಲ್ಲನೆಂಬುದನ್ನು ಒಪ್ಪಿಕೊಂಡು, ಅರಸನ ಕೈಯನ್ನು ಕಟ್ಟುವ ಮಾತಿದು. 1358ರಲ್ಲಿ ರೆಡ್ಡಿ ದೊರೆ ಅನಪೋತನು ಇದೇ ಬಂದರಿನ ವರ್ತಕರಿಗೆ ಮತ್ತೊಮ್ಮೆ ಅಭಯ ನೀಡಬೇಕಾಯಿತು. ಆಳ್ವಿಕೆ ಬದಲಾದಾಗ ಕೊಟ್ಟ ಮಾತನ್ನು ಹೊಸದಾಗಿಸದೆ ವಿಧಿಯಿರಲಿಲ್ಲ.

ಎರಡನೆಯದು, ಪೋರ್ಚುಗೀಸರ ಕಾರ್ತಾಜ್ ಎಂಬ ರಹದಾರಿ ಪತ್ರ. ವಾಸ್ಕೋ ಡ ಗಾಮನ ಮೊದಲ ಯಾನದ ತರುವಾಯ ದೊರೆ ಮ್ಯಾನುಯೆಲನು ಇಥಿಯೋಪಿಯ, ಅರೇಬಿಯ, ಪರ್ಷಿಯ, ಭಾರತಗಳ ವಿಜಯ, ನೌಕಾಯಾನ ಮತ್ತು ವಾಣಿಜ್ಯಗಳಿಗೆ ಒಡೆಯನೆಂಬ ಬಿರುದನ್ನು ಧರಿಸಿದನು. 16ನೆಯ ಶತಮಾನದಲ್ಲಿ ಆ ಬಿರುದು ಪಶ್ಚಿಮ ಕರಾವಳಿಯಲ್ಲಿ ಆಡಳಿತದ ರೂಪ ತಾಳಿತು. ಪತ್ರವಿದ್ದ ಹಡಗಿಗೆ ರಕ್ಷಣೆ, ಇಲ್ಲದ ಹಡಗು ಸರಕಿನೊಡನೆ ಕೊಳ್ಳೆ. ಇಲ್ಲಿ ಹಡಗಿಗಿದ್ದ ದೊಡ್ಡ ಅಪಾಯವು ಪತ್ರ ಕೊಟ್ಟವರಿಂದಲೇ ಬರುತ್ತಿತ್ತು. ಉಳ್ಳಾಲದ ಅಬ್ಬಕ್ಕ, ಗೇರುಸೊಪ್ಪೆಯ ಚೆನ್ನಭೈರಾದೇವಿಯರು ಪೋರ್ಚುಗೀಸರೊಡನೆ ನಡೆಸಿದ ಸಂಘರ್ಷವನ್ನು ಕೇವಲ ಶೌರ್ಯದ ಕಥೆಯಾಗಿ ಓದಿದರೆ ಸಾಲದು. ಕಡಲ ದಾರಿಗೆ ಒಡೆಯರುಂಟೇ ಎಂಬ ವಿವಾದವೂ ಅದರ ಹಿನ್ನೆಲೆಯಲ್ಲಿದೆ.

ಅಭಯವೂ ರಹದಾರಿಯೂ ರಕ್ಷಣೆಯ ಹೆಸರಿನಲ್ಲಿಯೇ ಬಂದವು. ಮೊದಲನೆಯದು ಆಳುವವನಿಗೆ ಮಿತಿ ಹಾಕಿತು, ಎರಡನೆಯದು ಸಂಚರಿಸುವವನಿಗೆ. ಕಡಲ ಭದ್ರತೆಯನ್ನು ಕುರಿತ ಇಂದಿನ ಘೋಷಣೆಗಳನ್ನು ಓದುವಾಗಲೂ, ಅವು ಯಾರ ಕೈಯನ್ನು ಕಟ್ಟುತ್ತವೆ ಎಂಬುದನ್ನೇ ಮೊದಲು ನೋಡಬೇಕು.